ಪಾಠದ ಪೂರ್ವಸಿದ್ಧತೆ



ನಾಲ್ಕು ಜನ ನೆಂಟರು ಊಟಕ್ಕೆ ಬರುತ್ತಾರೆಂದು ತಿಳಿದರೆ ಮನೆಯೊಡತಿ ಹಿಂದಿನ ದಿನವೇ ಅಕ್ಕಿ ಬೇಳೆಗಳ ಲೆಕ್ಕ ಹಾಕುತ್ತಾಳೆ. ಮನೆ ಕಟ್ಟಿಸುವವನು ಪಾಯ ತೋಡಿಸುವುದಕ್ಕೆ ಮುಂಚೆ ನಕ್ಷೆ ಬರೆಯಿಸುತ್ತಾನೆ. ಕಾಶೀಯಾತ್ರೆಗೆ ಹೊರಟವನು ಎಲ್ಲಿ ರೈಲು ಬದಲಾಯಿಸಬೇಕು, ಎಲ್ಲಿ ಇಳಿದುಕೊಳ್ಳಬೇಕು ಎಂಬುದನ್ನು ವಿಚಾರಿಸದೆ ಮನೆ ಬಿಡುವುದಿಲ್ಲ. ಆದರೆ ನಲವತ್ತು ಮಕ್ಕಳ ಮುಂದೆ ನಲವತ್ತು ನಿಮಿಷ ನಿಂತು ಅವರ ಬುದ್ಧಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕರೆದೊಯ್ಯಬೇಕಾದ ಉಪಾಧ್ಯಾಯನ ವಿಷಯದಲ್ಲಿ ಮಾತ್ರ ನಮ್ಮಲ್ಲಿ ವಿಚಿತ್ರವಾದ ಒಂದು ನಂಬಿಕೆ ಬೇರೂರಿದೆ. ವಿಷಯವನ್ನು ಬಲ್ಲವನಿಗೆ ಪಾಠ ತಾನಾಗಿಯೇ ಬರುತ್ತದೆ. ಪುಸ್ತಕ ಕೈಯಲ್ಲಿದ್ದರೆ ಸಾಕು, ಬಾಯಿ ತೆರೆದರೆ ಪಾಠ, ಎಂಬುದು ಆ ನಂಬಿಕೆ. ಇದು ಎಷ್ಟರ ಮಟ್ಟಿಗೆ ಸರಿ, ಒಳ್ಳೆಯ ಪಾಠಕ್ಕೆ ಹಿಂದಿನ ರಾತ್ರಿಯೇ ನಡೆಯಬೇಕಾದ ಕೆಲಸ ಯಾವುದು, ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಉಪಾಧ್ಯಾಯವೃತ್ತಿಯವರಲ್ಲದ ಶ್ರೋತೃಗಳು, "ಇದು ಮೇಷ್ಟರುಗಳ ಮಾತು, ನಮಗೇಕೆ?" ಎನ್ನಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಲವತ್ತು ಮಕ್ಕಳ ತರಗತಿಯಲ್ಲಿ ನಲವತ್ತು ನಿಮಿಷದ ಒಂದು ಪಾಠ ವ್ಯರ್ಥವಾದರೆ ಹಾಳಾಗುವುದು ನಲವತ್ತು ನಿಮಿಷವಲ್ಲ. ೧೬೦೦ ನಿಮಿಷ, ಎಂದರೆ ಇಪ್ಪತ್ತಾರು ಗಂಟೆಗೂ ಮಿಗಿಲಾದ ಎಳೆಯ ಆಯುಷ್ಯ. ಈ ನಷ್ಟವಾದರೂ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ತಂದೆತಾಯಿಗಳು ಓದಿದವರಾಗಿದ್ದರೆ, ಅಥವಾ ಮನೆಪಾಠಕ್ಕೆ ಹಣ ತೆರಬಲ್ಲವರಾಗಿದ್ದರೆ, ಬೆಳಗ್ಗೆ ಕಳೆದುಕೊಂಡದ್ದನ್ನು ಆ ಮಗು ಸಂಜೆ ಮನೆಯಲ್ಲಿ ಗಳಿಸಿಕೊಳ್ಳುತ್ತದೆ. ಮನೆಯಲ್ಲಿ ಅಕ್ಷರ ಬಲ್ಲವರಿಲ್ಲದ ಹುಡುಗನಿಗೆ, ಶಾಲೆಯಿಂದ ಬಂದೊಡನೆ ತಮ್ಮತಂಗಿಯರನ್ನು ನೋಡಿಕೊಳ್ಳಬೇಕಾದ ಹುಡುಗಿಗೆ, ಆ ನಲವತ್ತು ನಿಮಿಷಗಳೇ ಸರ್ವಸ್ವ. ಅದು ತಪ್ಪಿದರೆ ಅವರಿಗೆ ಇನ್ನೊಂದು ಅವಕಾಶವಿಲ್ಲ. ಆದುದರಿಂದ ಪಾಠದ ಸಿದ್ಧತೆ ಉಪಾಧ್ಯಾಯನ ಸ್ವಂತ ಶಿಸ್ತಿನ ಮಾತು ಮಾತ್ರವಲ್ಲ. ಅದು ನ್ಯಾಯದ ಮಾತೂ ಹೌದು.

ಪಾಠವನ್ನು ಮುಂಚಿತವಾಗಿ ಯೋಜಿಸಬೇಕೆಂಬ ವಿಚಾರ ಹೊಸದಲ್ಲ. ಜರ್ಮನಿಯ ತತ್ತ್ವಜ್ಞಾನಿ ಹರ್ಬಾರ್ಟನು (೧೭೭೬-೧೮೪೧) ೧೮೦೬ರಲ್ಲಿ ಶಿಕ್ಷಣಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಹೊಸ ತಿಳಿವಳಿಕೆ ಬರಿದಾದ ಮನಸ್ಸಿಗೆ ಹೋಗಿ ಬೀಳುವುದಿಲ್ಲ. ಮನಸ್ಸಿನಲ್ಲಿ ಆಗಲೇ ಮನೆಮಾಡಿಕೊಂಡಿರುವ ಭಾವನೆಗಳು ಅದನ್ನು ಬರಮಾಡಿಕೊಂಡರೆ ಮಾತ್ರ ಅದು ಒಳಗೆ ನಿಲ್ಲುತ್ತದೆ, ಎಂಬುದು ಆತನ ಮುಖ್ಯ ಸಿದ್ಧಾಂತ. ಆತನ ಅನುಯಾಯಿಗಳಾದ ಜಿಲ್ಲರ್, ರೈನ್ ಮೊದಲಾದವರು ಇದನ್ನು ಬೆಳೆಯಿಸಿ ಪಾಠಕ್ಕೆ ಐದು ಮೆಟ್ಟಿಲುಗಳನ್ನು ಕಟ್ಟಿದರು: ಮಕ್ಕಳ ಮನಸ್ಸನ್ನು ಹದಗೊಳಿಸುವುದು, ಹೊಸ ವಿಷಯವನ್ನು ಮುಂದಿಡುವುದು, ಹಳೆಯದರೊಡನೆ ಹೋಲಿಸುವುದು, ಹೋಲಿಕೆಯಿಂದ ಸಾಮಾನ್ಯ ನಿಯಮವನ್ನು ತೆಗೆಯುವುದು, ಆ ನಿಯಮವನ್ನು ಬೇರೆ ಕಡೆ ಪ್ರಯೋಗಿಸುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಪಂಚಸೋಪಾನಗಳು ಅಮೆರಿಕಕ್ಕೂ ಇಂಗ್ಲೆಂಡಿಗೂ ಹಬ್ಬಿದುವು. ಕ್ರಮೇಣ ನಮ್ಮ ಟ್ರೈನಿಂಗ್ ಕಾಲೇಜುಗಳಿಗೂ ಬಂದುವು.

ಸಿದ್ಧಾಂತವೇನೋ ಒಳ್ಳೆಯದೇ. ಆದರೆ ಯಾವ ಒಳ್ಳೆಯ ಸಿದ್ಧಾಂತವೂ ಛಾಪಾ ಹಾಕಿದ ನಮೂನೆಯಾದೊಡನೆ ಅದರ ಜೀವ ಹಾರಿಹೋಗುವುದುಂಟು. ಪಾಠದ ಟಿಪ್ಪಣಿಗೂ ಇದೇ ಗತಿಯಾಯಿತು. ಪುಟಕ್ಕೆ ನಾಲ್ಕು ಗೆರೆ ಎಳೆದು, ಉದ್ದೇಶ, ಪಾಠೋಪಕರಣ, ಬೋಧನಕ್ರಮ, ಮೌಲ್ಯಮಾಪನ ಎಂದು ತಲೆಬರಹ ಕೊಟ್ಟು, ಹಿಂದಿನ ವರ್ಷದ ಪುಸ್ತಕದಿಂದ ಈ ವರ್ಷದ ಪುಸ್ತಕಕ್ಕೆ ಪ್ರತಿ ಮಾಡಿ, ಮುಖ್ಯೋಪಾಧ್ಯಾಯರ ರುಜು ಪಡೆದು ಬೀರುವಿನಲ್ಲಿಟ್ಟರೆ ಕೆಲಸ ಮುಗಿಯಿತು. ತನಿಖೆಗೆ ಬರುವ ಅಧಿಕಾರಿಗೆ ತೃಪ್ತಿ, ಮುಖ್ಯೋಪಾಧ್ಯಾಯರಿಗೆ ನೆಮ್ಮದಿ. ಆ ಟಿಪ್ಪಣಿಗೂ ತರಗತಿಯಲ್ಲಿ ನಡೆಯುವ ಪಾಠಕ್ಕೂ ಸಂಬಂಧವಿರಲೇಬೇಕೆಂಬ ನಿರ್ಬಂಧ ಯಾರಿಗೂ ಇಲ್ಲ. ಇದನ್ನು ಕಂಡ ತರುಣ ಉಪಾಧ್ಯಾಯರು ಟಿಪ್ಪಣಿಯೆಂದರೆ ಕಾಗದದ ಕಾಟ ಎಂದು ಬಗೆದರೆ ಅವರನ್ನು ದೂಷಿಸುವಂತಿಲ್ಲ.

ಇಲ್ಲಿರುವ ದೋಷ ಸೋಮಾರಿತನದ್ದಷ್ಟೇ ಅಲ್ಲ, ದೃಷ್ಟಿಯದು. ಅಂಥ ಟಿಪ್ಪಣಿಯಲ್ಲಿ ಕರ್ತೃಪದವೆಲ್ಲ ಉಪಾಧ್ಯಾಯನೇ. ಉಪಾಧ್ಯಾಯನು ವಿವರಿಸುವನು, ಉಪಾಧ್ಯಾಯನು ಚಿತ್ರ ತೋರಿಸುವನು, ಉಪಾಧ್ಯಾಯನು ಪ್ರಶ್ನೆ ಕೇಳುವನು. ಅಷ್ಟು ಹೊತ್ತೂ ಹುಡುಗನು ಏನು ಮಾಡುತ್ತಿರುತ್ತಾನೆ? ಕೇಳುತ್ತಿರುತ್ತಾನೆ ಎಂದು ಊಹಿಸಿಕೊಂಡಿದ್ದೇವೆ. ನಾನು ಹೇಳಬೇಕೆಂದಿರುವ ಮಾತು ಒಂದೇ: ಪಾಠದ ಯೋಜನೆ ಎಂದರೆ ಉಪಾಧ್ಯಾಯನು ಆಡಬೇಕಾದ ಮಾತುಗಳ ಪಟ್ಟಿಯಲ್ಲ, ವಿದ್ಯಾರ್ಥಿಯು ಮಾಡಬೇಕಾದ ಆಲೋಚನೆಯ ದಾರಿ. ಈ ಒಂದು ಅಂಶವನ್ನು ಹಿಡಿದುಕೊಂಡರೆ ಉಳಿದುವೆಲ್ಲ ತಮ್ಮ ತಮ್ಮ ಸ್ಥಾನಕ್ಕೆ ಬಂದು ಕೂಡುತ್ತವೆ.

ಹಾಗಾದರೆ ಹಿಂದಿನ ರಾತ್ರಿ ಉಪಾಧ್ಯಾಯನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಮೊದಲನೆಯದು: ಗಂಟೆ ಹೊಡೆದಾಗ ನನ್ನ ವಿದ್ಯಾರ್ಥಿಗೆ ಈಗ ಬಾರದ ಯಾವ ಪ್ರಶ್ನೆಗೆ ಉತ್ತರ ಬಂದಿರಬೇಕು? ಎರಡನೆಯದು: ಆ ವಿಷಯದಲ್ಲಿ ಅವನು ಆಗಲೇ ಏನನ್ನು ನಂಬಿಕೊಂಡಿದ್ದಾನೆ? ಮೂರನೆಯದು: ಆ ನಂಬಿಕೆಯಿಂದ ಈ ಉತ್ತರಕ್ಕೆ ಬರಲು ಅವನು ತಾನಾಗಿ ಏನು ಮಾಡಬೇಕು? ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕುವ ಈ ಕ್ರಮವನ್ನು ಅಮೆರಿಕದ ರಾಲ್ಫ್ ಟೈಲರ್ ಎಂಬ ವಿದ್ವಾಂಸರು ೧೯೪೯ರಲ್ಲಿ ಪ್ರಕಟಿಸಿದ ತಮ್ಮ ಚಿಕ್ಕ ಪುಸ್ತಕದಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿದರು. ೧೯೯೮ರಲ್ಲಿ ವಿಗ್ಗಿನ್ಸ್ ಮತ್ತು ಮ್ಯಾಕ್‌ಟೈ ಎಂಬ ಇಬ್ಬರು ಇದನ್ನೇ ಇನ್ನಷ್ಟು ವಿಶದಪಡಿಸಿದರು. ಮಗುವಿಗೆ ಆಗಲೇ ತಿಳಿದಿರುವುದನ್ನು ಗೊತ್ತುಮಾಡಿಕೊಳ್ಳುವುದೇ ಬೋಧನೆಗೆ ಎಲ್ಲಕ್ಕಿಂತ ಮುಖ್ಯವೆಂಬ ಎರಡನೆಯ ಅಂಶವನ್ನು ಡೇವಿಡ್ ಆಸುಬೆಲ್ ಎಂಬ ಮನಶ್ಶಾಸ್ತ್ರಜ್ಞರು ೧೯೬೮ರ ತಮ್ಮ ಗ್ರಂಥದ ಮೂಲಮಂತ್ರವನ್ನಾಗಿ ಮಾಡಿಕೊಂಡರು. ಹರ್ಬಾರ್ಟನ ಮಾತು ಒಂದೂವರೆ ಶತಮಾನ ದಾಟಿ ಬೇರೆಯ ಉಡುಪಿನಲ್ಲಿ ಮರಳಿ ಬಂದಿತೆನ್ನಬಹುದು.

ಬರಿಯ ತತ್ತ್ವದಿಂದ ಪ್ರಯೋಜನವಿಲ್ಲ. ಒಂದು ಪಾಠವನ್ನೇ ತೆಗೆದುಕೊಂಡು ನೋಡೋಣ. ಎಂಟನೆಯ ತರಗತಿಯ ಮಕ್ಕಳಿಗೆ ಋತುಗಳು ಏಕೆ ಬದಲಾಗುತ್ತವೆ ಎಂಬುದನ್ನು ತಿಳಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಪುಸ್ತಕದಲ್ಲಿ ಒಂದು ಚಿತ್ರವಿರುತ್ತದೆ. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿದೆ ಎಂಬ ವಾಕ್ಯವಿರುತ್ತದೆ. ಉಪಾಧ್ಯಾಯನು ಅದನ್ನು ಓದಿ, ಚಿತ್ರವನ್ನು ಹಲಗೆಯ ಮೇಲೆ ಬರೆದು, "ತಿಳಿಯಿತೆ?" ಎಂದರೆ, "ತಿಳಿಯಿತು ಸಾರ್" ಎಂದು ತರಗತಿಯೆಲ್ಲ ಒಕ್ಕೊರಲಿನಿಂದ ಕೂಗುತ್ತದೆ. ಪರೀಕ್ಷೆಯಲ್ಲಿಯೂ ಇಪ್ಪತ್ತಮೂರೂವರೆ ಡಿಗ್ರಿ ತಪ್ಪದೆ ಬರುತ್ತದೆ. ಆದರೆ ಅದೇ ಮಕ್ಕಳನ್ನು ಆಟದ ಬಯಲಿನಲ್ಲಿ ನಿಲ್ಲಿಸಿ, "ಬೇಸಗೆಯಲ್ಲಿ ಸೆಕೆ ಏಕಪ್ಪಾ?" ಎಂದು ಕೇಳಿ ನೋಡಿ. "ಆಗ ಭೂಮಿ ಸೂರ್ಯನಿಗೆ ಹತ್ತಿರ ಹೋಗುತ್ತದೆ ಸಾರ್" ಎಂಬ ಉತ್ತರ ಬರುವ ಸಂಭವವೇ ಹೆಚ್ಚು.

ಇದು ಮಕ್ಕಳ ದಡ್ಡತನವೆಂದು ನಗಬೇಡಿ. ೧೯೮೭ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಘಟಿಕೋತ್ಸವದ ಗೌನು ತೊಟ್ಟು ನಿಂತಿದ್ದ ಪದವೀಧರರಿಗೆ ಇದೇ ಪ್ರಶ್ನೆಯನ್ನು ಹಾಕಿ ಅವರ ಉತ್ತರಗಳನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದರು. ಅವರಲ್ಲಿಯೂ ಬಹುಮಂದಿ ದೂರವೇ ಕಾರಣವೆಂದು ಧೈರ್ಯವಾಗಿ ಹೇಳಿದರು. ಒಲೆಯ ಹತ್ತಿರ ಹೋದರೆ ಬಿಸಿ, ದೂರ ಸರಿದರೆ ತಂಪು, ಎಂಬುದು ಪ್ರತಿಯೊಂದು ಮಗುವೂ ಅಡುಗೆಯ ಮನೆಯಲ್ಲಿ ಕಲಿತ ಪಾಠ. ಆ ಪಾಠ ಗಟ್ಟಿಯಾದುದು, ಅನುಭವಸಿದ್ಧವಾದುದು. ಅದನ್ನು ಅಲುಗಿಸದೆ ಅದರ ಮೇಲೆ ಅಕ್ಷದ ಓರೆಯ ಚಿತ್ರವನ್ನು ಅಂಟಿಸಿದರೆ, ಪರೀಕ್ಷೆಯ ತನಕ ಆ ಚಿತ್ರ ನಿಂತಿದ್ದು ಆಮೇಲೆ ಉದುರಿಹೋಗುತ್ತದೆ. ಅಡಿಯಲ್ಲಿದ್ದ ಒಲೆ ಮಾತ್ರ ಹಾಗೆಯೇ ಉರಿಯುತ್ತಿರುತ್ತದೆ.

ಈಗ ನಮ್ಮ ಮೂರು ಪ್ರಶ್ನೆಗಳನ್ನು ಇಲ್ಲಿಗೆ ಅನ್ವಯಿಸೋಣ. ಪಾಠದ ಕೊನೆಯಲ್ಲಿ ಹುಡುಗನು ಉತ್ತರಿಸಬೇಕಾದ ಪ್ರಶ್ನೆ ಯಾವುದು? "ಋತುಗಳಿಗೆ ಕಾರಣವೇನು?" ಎಂದಿಟ್ಟುಕೊಂಡರೆ ಅವನು ಪುಸ್ತಕದ ವಾಕ್ಯವನ್ನೇ ಒಪ್ಪಿಸಿಬಿಡುತ್ತಾನೆ. ಅದರ ಬದಲು, "ಡಿಸೆಂಬರಿನಲ್ಲಿ ನಾವು ಸ್ವೆಟರು ಹಾಕಿಕೊಂಡಿರುವಾಗ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಬೇಸಗೆ, ಏಕೆ?" ಎಂದಿಟ್ಟುಕೊಳ್ಳೋಣ. ಇದಕ್ಕೆ ಬಾಯಿಪಾಠದ ಉತ್ತರವಿಲ್ಲ. ಅವನ ಹಳೆಯ ನಂಬಿಕೆ ಯಾವುದು? ದೂರ. ಅದನ್ನು ಅಲುಗಿಸುವ ಸಂಗತಿಗಳು ಯಾವುವು? ಎರಡು ಸಿದ್ಧವಾಗಿವೆ. ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪವಾಗುವುದು ಜನವರಿ ತಿಂಗಳ ಮೊದಲ ವಾರದಲ್ಲಿ. ಆಗಿನ ದೂರ ಸುಮಾರು ೧೪ ಕೋಟಿ ೭೦ ಲಕ್ಷ ಕಿಲೋಮೀಟರು. ಅತ್ಯಂತ ದೂರವಾಗುವುದು ಜುಲೈ ಮೊದಲ ವಾರದಲ್ಲಿ. ಆಗ ಸುಮಾರು ೧೫ ಕೋಟಿ ೨೦ ಲಕ್ಷ. ಎಂದರೆ ನಾವು ಚಳಿಯಲ್ಲಿ ನಡುಗುವಾಗಲೇ ಒಲೆಗೆ ಹತ್ತಿರವಾಗಿದ್ದೇವೆ! ಎರಡನೆಯದು, ಕ್ರಿಕೆಟ್ ನೋಡುವ ಮಕ್ಕಳೆಲ್ಲ ಬಲ್ಲ ಸಂಗತಿ. ಡಿಸೆಂಬರ್ ೨೬ರಂದು ಮೆಲ್ಬರ್ನಿನಲ್ಲಿ ಟೆಸ್ಟ್ ಪಂದ್ಯ ಆರಂಭವಾಗುವುದು ಬಹುಕಾಲದ ವಾಡಿಕೆ. ಅಲ್ಲಿ ಆಗ ನಡುಬೇಸಗೆ. ದೂರವೇ ಕಾರಣವಾಗಿದ್ದರೆ ಭೂಮಿಯ ಮೇಲೆಲ್ಲ ಒಂದೇ ಸಲ ಬೇಸಗೆ ಬರಬೇಕಾಗಿತ್ತಲ್ಲವೆ?

ಇನ್ನು ನಲವತ್ತು ನಿಮಿಷಗಳ ಹಂಚಿಕೆ. ಮೊದಲ ಐದು ನಿಮಿಷ ಪ್ರತಿಯೊಬ್ಬನೂ ಬೇಸಗೆಯ ಸೆಕೆಗೆ ತನಗೆ ತೋರಿದ ಕಾರಣವನ್ನು ಚೀಟಿಯಲ್ಲಿ ಬರೆಯಲಿ. ಸರಿ ತಪ್ಪು ಹೇಳಬೇಕಾದುದಿಲ್ಲ. ಬರೆದ ಕೈ ತನ್ನ ಉತ್ತರವನ್ನು ಕಾಯುತ್ತಿರುತ್ತದೆ, ಅಷ್ಟು ಸಾಕು. ಮುಂದಿನ ಐದು ನಿಮಿಷ ಜನವರಿಯ ಲೆಕ್ಕವನ್ನೂ ಮೆಲ್ಬರ್ನಿನ ಪಂದ್ಯವನ್ನೂ ಮುಂದಿಟ್ಟು ಸುಮ್ಮನಾಗಬೇಕು. ಆಮೇಲಿನ ಹದಿನೈದು ನಿಮಿಷ ಪಾಠದ ಹೃದಯ. ಐದೈದು ಮಕ್ಕಳಿಗೆ ಒಂದು ಟಾರ್ಚು, ಒಂದು ಹಾಳೆ ಚೌಕಳಿ ಕಾಗದ. ಟಾರ್ಚನ್ನು ನೆಟ್ಟಗೆ ಮೇಲಿನಿಂದ ಬಿಟ್ಟಾಗ ಬೆಳಕು ಎಷ್ಟು ಚೌಕಗಳನ್ನು ತುಂಬಿತು? ಅಷ್ಟೇ ಎತ್ತರದಿಂದ ಓರೆಯಾಗಿ ಬಿಟ್ಟಾಗ ಎಷ್ಟು? ಅದೇ ಟಾರ್ಚು, ಅದೇ ಬೆಳಕು. ಓರೆಯಾದಷ್ಟೂ ಹೆಚ್ಚು ಚೌಕಗಳಿಗೆ ಹಂಚಿಹೋಗಿ ಒಂದೊಂದರ ಪಾಲು ಕಡಮೆಯಾಗುತ್ತದೆ. ಇದನ್ನು ಮಕ್ಕಳು ತಾವೇ ಎಣಿಸಿ ಬರೆಯಬೇಕು. ನಂತರದ ಹತ್ತು ನಿಮಿಷ, ಗೋಲವೊಂದನ್ನು ಓರೆಯಾಗಿ ಹಿಡಿದು, ದೀಪದ ಸುತ್ತ ಸುತ್ತಿಸಿ, ಯಾವ ತಿಂಗಳಲ್ಲಿ ಯಾವ ಭಾಗಕ್ಕೆ ನೆಟ್ಟನೆಯ ಬೆಳಕು ಬಿತ್ತು, ಯಾವ ಭಾಗಕ್ಕೆ ಹಗಲು ಉದ್ದವಾಯಿತು, ಎಂಬುದನ್ನು ಅವರ ಬಾಯಿಂದಲೇ ಹೊರಡಿಸಬೇಕು. ಕೊನೆಯ ಐದು ನಿಮಿಷ ಮೆಲ್ಬರ್ನಿನ ಪ್ರಶ್ನೆಗೆ ಉತ್ತರ. ಅದೇ ಚೀಟಿಯ ಹಿಂಬದಿಯಲ್ಲಿ, ಸ್ವಂತ ಮಾತಿನಲ್ಲಿ.

ಆ ನಲವತ್ತು ಚೀಟಿಗಳನ್ನು ಓದುವುದಕ್ಕೆ ಸಂಜೆ ಹತ್ತು ನಿಮಿಷ ಸಾಕು. ಯಾವುದೇ ವರದಿಗಿಂತಲೂ ನಿಜವಾಗಿ ಅವು ಪಾಠದ ಕಥೆಯನ್ನು ಹೇಳುತ್ತವೆ. ಮುಂಬದಿಯಲ್ಲಿ "ಹತ್ತಿರ" ಎಂದಿದ್ದು ಹಿಂಬದಿಯಲ್ಲಿಯೂ "ಹತ್ತಿರ" ಎಂದೇ ಇದ್ದರೆ, ಆ ಹುಡುಗನ ಮಟ್ಟಿಗೆ ಪಾಠ ನಡೆಯಲಿಲ್ಲ. ಉಪಾಧ್ಯಾಯನು ಎಷ್ಟು ಸೊಗಸಾಗಿ ಮಾತನಾಡಿದ್ದರೂ ನಡೆಯಲಿಲ್ಲ. ನಾಳೆಯ ಪಾಠದ ಸಿದ್ಧತೆ ಆ ಚೀಟಿಯಿಂದಲೇ ಮೊದಲಾಗಬೇಕು.

ಇಷ್ಟರಿಂದ ಸಿದ್ಧತೆ ಮುಗಿಯಿತೆನ್ನುವಂತಿಲ್ಲ. ಜಾಣ ಹುಡುಗಿಯೊಬ್ಬಳು ಎದ್ದು ಕೇಳಬಹುದಾದ ಪ್ರಶ್ನೆಯನ್ನೂ ಮುಂಚೆಯೇ ಊಹಿಸಿಕೊಂಡಿರಬೇಕು: "ಜೂನಿನಲ್ಲಿ ಹಗಲು ಎಲ್ಲಕ್ಕಿಂತ ಉದ್ದ ಎಂದಿರಿ. ಹಾಗಾದರೆ ನಮ್ಮೂರಿನಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲೇ ಏಕೆ ಸೆಕೆ ಹೆಚ್ಚು?" ಪುಸ್ತಕಗಳಲ್ಲಿ ಋತುಗಳ ವಿವರಣೆ ಸಾಮಾನ್ಯವಾಗಿ ಶೀತ ದೇಶಗಳ ವಾಡಿಕೆಯನ್ನನುಸರಿಸಿ ನಡೆಯುತ್ತದೆ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಸುಮಾರು ಎಂಟು ಗಂಟೆ, ಜೂನಿನದು ಹದಿನಾರೂವರೆ ಗಂಟೆ. ಅಲ್ಲಿ ಆ ವಿವರಣೆ ಅಂಗೈಯ ನೆಲ್ಲಿಕಾಯಿಯಂತೆ ಸ್ಪಷ್ಟ. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲು ಸುಮಾರು ೧೧ ಗಂಟೆ ೨೦ ನಿಮಿಷ, ಜೂನಿನದು ೧೨ ಗಂಟೆ ೫೦ ನಿಮಿಷ; ಅಂತರ ಒಂದೂವರೆ ಗಂಟೆ ಮಾತ್ರ. ಆದರೆ ನಮ್ಮ ನಾಡು ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ಸೂರ್ಯನು ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ೨೪ರ ಸುಮಾರಿಗೆ ಒಂದು ಸಲ, ಆಗಸ್ಟ್ ೧೮ರ ಸುಮಾರಿಗೆ ಇನ್ನೊಂದು ಸಲ. ಮೊದಲನೆಯ ಸಲ ಆಕಾಶ ಬಿಚ್ಚಿಕೊಂಡಿರುತ್ತದೆ, ನೆಲ ಒಣಗಿರುತ್ತದೆ; ಆದುದರಿಂದ ಸೆಕೆ. ಜೂನಿನ ವೇಳೆಗೆ ಮುಂಗಾರಿನ ಮೋಡ ಬಂದು ತೆರೆ ಹಿಡಿಯುತ್ತದೆ. ಇಷ್ಟನ್ನು ತಿಳಿದು ಹೋದ ಉಪಾಧ್ಯಾಯನು ಆ ಹುಡುಗಿಯ ಪ್ರಶ್ನೆಯನ್ನು ಬರಮಾಡಿಕೊಳ್ಳುತ್ತಾನೆ. ತಿಳಿಯದೆ ಹೋದವನು, "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೊ" ಎನ್ನುತ್ತಾನೆ. ಆ ಒಂದು "ಕುಳಿತುಕೊ" ಎಷ್ಟು ಪ್ರಶ್ನೆಗಳನ್ನು ಶಾಶ್ವತವಾಗಿ ಕೂರಿಸಿಬಿಡುತ್ತದೆಂಬುದನ್ನು ಲೆಕ್ಕವಿಟ್ಟವರಿಲ್ಲ.

ಇನ್ನೂ ದೂರದೃಷ್ಟಿಯುಳ್ಳ ಉಪಾಧ್ಯಾಯನು ಈ ಪಾಠವನ್ನು ತಿಂಗಳುಗಳ ಮುಂಚೆಯೇ ಆರಂಭಿಸಿರುತ್ತಾನೆ. ಶಾಲೆಯ ಬಯಲಿನಲ್ಲಿ ಒಂದು ಮೀಟರು ಉದ್ದದ ಕೋಲನ್ನು ನೆಟ್ಟು ನಡುಹಗಲಿನ ನೆರಳನ್ನು ಮಕ್ಕಳಿಂದ ಅಳೆಯಿಸಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ ೨೨ರ ಸುಮಾರಿಗೆ ಆ ನೆರಳು ಉತ್ತರಕ್ಕೆ ಮುಕ್ಕಾಲು ಮೀಟರಿನಷ್ಟು ಚಾಚುತ್ತದೆ. ಜೂನ್ ೨೧ರ ಸುಮಾರಿಗೆ ಹದಿನೆಂಟು ಹತ್ತೊಂಬತ್ತು ಸೆಂಟಿಮೀಟರಿಗೆ ಇಳಿದು, ದಕ್ಷಿಣಕ್ಕೆ ತಿರುಗಿಕೊಳ್ಳುತ್ತದೆ. ಆಗಸ್ಟ್ ೧೮ರ ಸುಮಾರಿಗೆ ಒಂದು ಗಳಿಗೆ ನೆರಳೇ ಇಲ್ಲ. ಮಳೆಗಾಲದ ಮೋಡ ಈ ಪ್ರಯೋಗಕ್ಕೆ ಆಗಾಗ ಅಡ್ಡ ಬರುವುದುಂಟು. ಒಂದೆರಡು ದಿನ ಹಿಂದುಮುಂದಾದರೆ ಬಾಧಕವಿಲ್ಲ. ತನ್ನ ಕಾಲಡಿಯ ನೆರಳು ತಾನೇ ದಿಕ್ಕು ಬದಲಾಯಿಸಿದ್ದನ್ನು ಕಂಡ ಮಗುವಿಗೆ ಸೂರ್ಯನ ದಾರಿಯನ್ನು ಕುರಿತು ಉಪದೇಶ ಮಾಡಬೇಕಾದುದು ಬಹಳ ಸ್ವಲ್ಪ.

ಪ್ರಶ್ನೆ ಕೇಳುವುದನ್ನು ಕುರಿತು ಒಂದು ಮಾತು. ತರಗತಿಯಲ್ಲಿ ಕೇಳಬೇಕಾದ ಮೂರು ನಾಲ್ಕು ಮುಖ್ಯ ಪ್ರಶ್ನೆಗಳನ್ನು ಅಕ್ಷರಶಃ ಬರೆದುಕೊಂಡು ಹೋಗುವುದು ಮೇಲು. ಆ ಹೊತ್ತಿಗೆ ಹೊಳೆಯುವ ಪ್ರಶ್ನೆಗಳು ಬಹುಮಟ್ಟಿಗೆ ಹೌದು ಅಲ್ಲಗಳಲ್ಲಿ ಮುಗಿದುಹೋಗುತ್ತವೆ. ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಯೋಜಿಸಿಕೊಳ್ಳಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ ೧೯೭೦ರ ದಶಕದಲ್ಲಿ ತೋರಿಸಿಕೊಟ್ಟ ಸಂಗತಿ ಇದು: ಉಪಾಧ್ಯಾಯರು ಪ್ರಶ್ನೆ ಕೇಳಿ ಸರಾಸರಿ ಒಂದೇ ಸೆಕೆಂಡು ಕಾಯುತ್ತಿದ್ದರು, ಅಷ್ಟರೊಳಗೆ ಉತ್ತರ ಬಾರದಿದ್ದರೆ ಇನ್ನೊಬ್ಬನನ್ನು ಕೇಳುತ್ತಿದ್ದರು, ಇಲ್ಲವೆ ತಾವೇ ಹೇಳಿಬಿಡುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದುವು. "ಗೊತ್ತಿಲ್ಲ" ಎನ್ನುವವರು ಕಡಮೆಯಾದರು. ಎಂದೂ ಬಾಯಿ ಬಿಡದ ಮಕ್ಕಳು ಬಾಯಿ ಬಿಟ್ಟರು. ಹೆಚ್ಚಿನ ಎರಡು ಸೆಕೆಂಡಿನ ಮೌನಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಆದರೂ ಉಪಾಧ್ಯಾಯನಿಗೆ ಅದಕ್ಕಿಂತ ಕಷ್ಟವಾದ ತಪಸ್ಸು ಇನ್ನೊಂದಿಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳು ಏಳುವುದು ಸಹಜ. ಮೊದಲನೆಯದು: "ನಮ್ಮ ಹಿಂದಿನ ಮಹಾಗುರುಗಳು ಟಿಪ್ಪಣಿ ಬರೆದುಕೊಂಡೇ ಪಾಠ ಹೇಳಿದರೆ? ಯೋಜನೆಯಿಂದ ಪಾಠದ ಸ್ವಾರಸ್ಯ ಕೆಡುವುದಿಲ್ಲವೆ?" ಸಂಗೀತ ವಿದ್ವಾಂಸರ ಮನೋಧರ್ಮವನ್ನು ನೋಡಿ. ರಾಗವನ್ನು ಆಗಲೇ ಸೃಷ್ಟಿಸುತ್ತಿರುವಂತೆ ಆಲಾಪನೆ ಮಾಡುತ್ತಾರೆ. ಆದರೆ ಆ ಸ್ವಾತಂತ್ರ್ಯದ ಹಿಂದೆ ಎಷ್ಟು ವರ್ಷಗಳ ಸಾಧನೆ, ರಾಗಲಕ್ಷಣದ ಎಷ್ಟು ಕಟ್ಟುನಿಟ್ಟು! ಸಿದ್ಧತೆಯುಳ್ಳವನಿಗೇ ದಾರಿ ಬಿಟ್ಟು ಹೋಗಿ ಮತ್ತೆ ದಾರಿಗೆ ಬರುವ ಸ್ವಾತಂತ್ರ್ಯ. ಮಕ್ಕಳ ಪ್ರಶ್ನೆಯೊಂದು ಯೋಜನೆಗಿಂತ ಮೇಲಾದ ದಾರಿಯನ್ನು ತೋರಿಸಿದರೆ ಯೋಜನೆಯನ್ನು ಮಡಿಸಿಡುವುದೇ ವಿವೇಕ. ಯಾವುದನ್ನು ಮಡಿಸಿಡುತ್ತಿದ್ದೇನೆಂಬುದು ಗೊತ್ತಿರಬೇಕು, ಅಷ್ಟೆ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದುದು: "ದಿನಕ್ಕೆ ಐದಾರು ಪೀರಿಯಡ್ಡು, ಜೊತೆಗೆ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ವೇಳೆ ಎಲ್ಲಿಂದ ತರೋಣ?" ಇದು ನಿಜವಾದ ಕಷ್ಟ, ಉಪನ್ಯಾಸಗಳಿಂದ ಪರಿಹಾರವಾಗತಕ್ಕದ್ದಲ್ಲ. ಆದರೆ ಎಲ್ಲ ಪಾಠಗಳನ್ನೂ ಪೂರ್ಣವಾಗಿ ಯೋಜಿಸಬೇಕೆಂದು ಯಾರೂ ಹೇಳುವುದಿಲ್ಲ. ವಾರಕ್ಕೆ ಒಂದನ್ನು ಆದ್ಯಂತವಾಗಿ ಯೋಜಿಸಿ, ಉಳಿದುವಕ್ಕೆ ಮೂರೇ ಸಾಲು ಬರೆದುಕೊಂಡರೂ ಸಾಕು: ಕೊನೆಯ ಪ್ರಶ್ನೆ, ನಿರೀಕ್ಷಿತವಾದ ತಪ್ಪು, ಮಕ್ಕಳು ಮಾಡಬೇಕಾದ ಕೆಲಸ. ಪಾಠವಾದ ಮೇಲೆ ಅದರ ಕೆಳಗೆ ನಾಲ್ಕನೆಯ ಸಾಲನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು: ಎಲ್ಲಿ ಎಡವಿತು? ಮುಂದಿನ ವರ್ಷ ಆ ಪುಸ್ತಕವನ್ನು ತೆರೆದವನಿಗೆ ಆ ಕೆಂಪು ಸಾಲುಗಳೇ ಅತ್ಯಂತ ಬೆಲೆಯುಳ್ಳುವು.

ಈ ಹೊರೆಯನ್ನು ಒಬ್ಬನೇ ಹೊರಬೇಕಾಗಿಯೂ ಇಲ್ಲ. ಜಪಾನಿನ ಶಾಲೆಗಳಲ್ಲಿ ಬಹುಕಾಲದಿಂದ ಒಂದು ಪದ್ಧತಿಯಿದೆ. ಕೆಲವು ಉಪಾಧ್ಯಾಯರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ. ಅವರಲ್ಲೊಬ್ಬರು ಅದನ್ನು ನಡೆಯಿಸುತ್ತಾರೆ. ಉಳಿದವರು ತರಗತಿಯಲ್ಲಿ ನಿಂತು, ಬೋಧಿಸುವವರನ್ನಲ್ಲ, ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಕುಳಿತು ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ಹಲಗೆಯ ಮೇಲೆ ಯಾವುದನ್ನು ಎಲ್ಲಿ ಬರೆಯಬೇಕು, ಪಾಠದ ಕೊನೆಯವರೆಗೂ ಯಾವುದನ್ನು ಅಳಿಸದೆ ಉಳಿಸಬೇಕು, ಎಂಬುದು ಕೂಡ ಅವರ ಯೋಜನೆಗೆ ಸೇರಿದ್ದು. ೧೯೯೯ರಲ್ಲಿ ಸ್ಟಿಗ್ಲರ್ ಮತ್ತು ಹೀಬರ್ಟ್ ಎಂಬ ಅಮೆರಿಕದ ವಿದ್ವಾಂಸರು ಇದನ್ನು ತಮ್ಮ ದೇಶಕ್ಕೆ ಪರಿಚಯ ಮಾಡಿಕೊಟ್ಟ ಮೇಲೆ ಬೇರೆ ನಾಡುಗಳಲ್ಲಿಯೂ ಇದಕ್ಕೆ ಮನ್ನಣೆ ಬಂದಿತು. ನಮ್ಮಲ್ಲಿಯೂ ಇಂಥ ಸಾಹಸ ನಡೆಯದೆ ಇಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ತಾಲ್ಲೂಕಿನಲ್ಲಿ ಮೊದಲಾದ ನಲಿ-ಕಲಿ ಕ್ರಮದಲ್ಲಿ, ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಕಾರ್ಡುಗಳಲ್ಲಿ ಬರೆದು, ಪ್ರತಿಯೊಂದು ಮಗುವೂ ತನ್ನ ನಡಿಗೆಯಲ್ಲೇ ಏರುವಂತೆ ಮಾಡಿದರು. ಅದರಲ್ಲಿ ಉಪಾಧ್ಯಾಯರೇ ಕೈಯಿಟ್ಟು ಕೆಲಸ ಮಾಡಿದುದು ಗಮನಾರ್ಹ. ನಂತರ ಅದು ನಾಡಿನ ಸರಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿತು. ಅದರ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಯೋಜನೆಯ ಕರ್ತೃಪದ ಉಪಾಧ್ಯಾಯನಿಂದ ಮಗುವಿಗೆ ವರ್ಗವಾದದ್ದು ಅದರ ಮುಖ್ಯ ಸಾಧನೆ.

ನಾವು ಕಾಲೇಜಿನ ಉಪನ್ಯಾಸಕರು ಇದನ್ನೆಲ್ಲ ಶಾಲೆಯವರಿಗೆ ಬಿಟ್ಟು ನಿಶ್ಚಿಂತರಾಗಿರುವುದು ವಾಡಿಕೆ. ದೊಡ್ಡವರಾದ ವಿದ್ಯಾರ್ಥಿಗಳು ತಾವೇ ಅರ್ಥಮಾಡಿಕೊಳ್ಳುತ್ತಾರೆಂಬುದು ನಮ್ಮ ಸಮಾಧಾನ. ಹಾರ್ವರ್ಡಿನ ಗೌನುಧಾರಿಗಳ ಕಥೆಯನ್ನು ಕೇಳಿದ ಮೇಲೆ ಆ ಸಮಾಧಾನ ಉಳಿಯುವುದು ಕಷ್ಟ. ಒಂದು ಗಂಟೆಯ ಉಪನ್ಯಾಸದಲ್ಲಿ ಎರಡು ಸಲವಾದರೂ ಮಾತು ನಿಲ್ಲಿಸಿ, ವಿದ್ಯಾರ್ಥಿಗಳು ಬರೆದು ಉತ್ತರಿಸಬೇಕಾದ ಪ್ರಶ್ನೆಯೊಂದನ್ನು ಇಡುವುದು ನಮಗೂ ಅಸಾಧ್ಯವಲ್ಲ.

ಕೊನೆಯದಾಗಿ, ಮಕ್ಕಳ ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಶಾಲೆಗೆ ಹೋದಾಗ ನಾವೆಲ್ಲ ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಪೋರ್ಷನ್ ಎಷ್ಟು ಮುಗಿಯಿತು?" ಎಂಬುದು. ಸಮಾಜವು ಯಾವ ಪ್ರಶ್ನೆಯನ್ನು ಕೇಳುತ್ತದೆಯೋ ಉಪಾಧ್ಯಾಯನು ಅದಕ್ಕೆ ಉತ್ತರವನ್ನು ಸಿದ್ಧಪಡಿಸಿಕೊಳ್ಳುತ್ತಾನೆ. ಮುಗಿಸುವುದನ್ನೇ ಕೇಳಿದರೆ ಮುಗಿಸಿಬಿಡುತ್ತಾನೆ. ಅದರ ಬದಲು ಮನೆಯಲ್ಲಿ ಸಂಜೆ ಮಗುವನ್ನು, "ಈ ಹೊತ್ತು ತರಗತಿಯಲ್ಲಿ ನೀನು ಏನು ಮಾಡಿದೆ?" ಎಂದು ಕೇಳಿ. "ಮೇಷ್ಟರು ಹೇಳಿದರು, ನಾವು ಕೇಳಿದೆವು" ಎಂಬುದೇ ದಿನವೂ ಉತ್ತರವಾದರೆ, ವಿನಯದಿಂದ ಶಾಲೆಯವರೊಡನೆ ಮಾತನಾಡಿ. "ಟಾರ್ಚಿನ ಬೆಳಕಿನಲ್ಲಿ ಚೌಕ ಎಣಿಸಿದೆವು" ಎಂದು ಮಗು ಹೇಳಿದರೆ, ಪಾಠ ಹಿಂದುಳಿಯಿತೆಂದು ದೂರಬೇಡಿ. ಹಿಂದಿನ ರಾತ್ರಿ ಯಾರೋ ಒಬ್ಬರು ಉಪಾಧ್ಯಾಯರು ನಿಮ್ಮ ಮಗುವಿನ ಮನಸ್ಸನ್ನು ಕುರಿತು ಅರ್ಧ ಗಂಟೆ ಆಲೋಚನೆ ಮಾಡಿದ್ದಾರೆಂದು ತಿಳಿಯಿರಿ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಪಕ್ಕದ ಬೆಂಚಿನ ಹುಡುಗನಿಗೂ ಆ ಅರ್ಧ ಗಂಟೆ ಸಮನಾಗಿ ಸಂದಿದೆ.